ವೀಳ್ಯಕ್ಕೆ ಕೈ ಚಾಚಿದವರು

ದೇವನಹಳ್ಳಿ

ನಮ್ಮ ಕಡೆಯವರಿಗೆ ಮೆಜೆಸ್ಟಿಕ್ಕಿಗೆ ಹೋಗುವುದಕ್ಕಿಂತ ಜಪಾನಿಗೆ ಹೋಗುವುದು ಸುಲಭ. ಮೆಜೆಸ್ಟಿಕ್ಕಿಗಾದರೆ ಯಲಹಂಕ ದಾಟಬೇಕು, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಅರ್ಧ ಆಯುಷ್ಯ ಕಳೆಯಬೇಕು. ವಿಮಾನ ನಿಲ್ದಾಣವೋ ನಮ್ಮ ಮನೆಯ ತಾರಸಿ ಮೇಲೆ ನಿಂತರೆ ಕಾಣುತ್ತದೆ. ಒಣಹಾಕಿದ ಬಟ್ಟೆ ತೆಗೆದುಕೊಂಡು ಬಂದು, ಮಡಚಿ ಪೆಟ್ಟಿಗೆಗೆ ತುಂಬಿ, ನಾನು ಜಪಾನಿಗೆ ಹೊರಟೆ.

ಹೊರಟದ್ದು ಒಬ್ಬ ಪ್ರಾಧ್ಯಾಪಕರನ್ನು ಕರೆತರಲು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ, ಹಿಂದೆ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಎದ್ದಿರುವ ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ತೌಲನಿಕ ಸಾಹಿತ್ಯ ಕಲಿಸುತ್ತೇನೆ. ಇಲ್ಲಿ ಜಪಾನಿ ಸಾಹಿತ್ಯದ ವಿಭಾಗ ಬೇಕು ಎಂದು ವರ್ಷಗಳಿಂದ ಆಡಳಿತ ಮಂಡಳಿಯನ್ನು ಕಾಡುತ್ತಿದ್ದೆ. ಕಾರ್ಖಾನೆಗಳಿಗೆ ಬೇಕಾಗಿರುವುದು ಜಪಾನಿ ಭಾಷೆ, ಸಾಹಿತ್ಯ ಯಾರಿಗೆ ಬೇಕು ಎಂದರು. ನಾನು ಕಾಡುವುದನ್ನು ಬಿಡಲಿಲ್ಲ. ಕೊನೆಗೆ ನನ್ನ ಬಾಯಿ ಮುಚ್ಚಿಸಲೆಂದೇ ಒಪ್ಪಿದರು. ಷರತ್ತು ಒಂದು: ಜೂನ್ ತಿಂಗಳ ಪ್ರವೇಶಾತಿಯೊಳಗೆ ಜಪಾನಿನ ಅಧ್ಯಾಪಕರೊಬ್ಬರು ಬಂದು ಕುರ್ಚಿಯಲ್ಲಿ ಕೂತಿರಬೇಕು. ಇಲ್ಲದಿದ್ದರೆ ವಿಭಾಗಕ್ಕೆಂದು ಬಣ್ಣ ಹೊಡೆಸಿದ ಕೋಣೆಗಳು ಹೋಟೆಲ್ ಮ್ಯಾನೇಜ್‌ಮೆಂಟಿನವರ ಅಡುಗೆಮನೆ. ಅವರು ಆಗಲೇ ಬಂದು ಚಿಮಣಿಗೆ ಅಳತೆ ತೆಗೆದುಕೊಂಡು ಹೋಗಿದ್ದರು.

ನನ್ನ ಬಳಿ ಇದ್ದದ್ದು ಒಂದು ನೆನಪು ಮಾತ್ರ. ಕೆಲವು ವರ್ಷಗಳ ಹಿಂದೆ ಹೈದರಾಬಾದಿನಲ್ಲಿ ಒಂದು ವಿಚಾರ ಸಂಕಿರಣ ಮುಗಿಸಿ, ಪ್ರೊಫೆಸರ್ ಮೊರಿತಾ ಎಂಬ ಜಪಾನಿನ ವಿದುಷಿಯ ಜೊತೆ ಒಂದೇ ಬಾಡಿಗೆ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ನಾನು ಮುಂದೆ, ಡ್ರೈವರ್ ಪಕ್ಕ. ಹಿಂದಿನ ಕಿಟಕಿಯ ಗಾಜು ಜಾರಿ ಜಾರಿ ಬೀಳುತ್ತಿತ್ತು. ಅದನ್ನು ಅಂಗೈಯಿಂದ ಎತ್ತಿ ಹಿಡಿದಿದ್ದ ಕೈಯೊಂದು ಡ್ರೈವರನ ಕನ್ನಡಿಯಲ್ಲಿ ಕಾಣುತ್ತಿತ್ತು. ಗಾಳಿಯ ಸದ್ದಿನ ನಡುವೆ ಹಿಂದಿನಿಂದ ಮಾತು ಬಂತು: "ನೀವು ವಿಭಾಗ ತೆರೆದ ದಿನ ಕರೆಯಿರಿ. ನಾನು ಬರುತ್ತೇನೆ."

ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ, ನನ್ನ ನೆನಪನ್ನಂತೂ ಮೊದಲೇ ಇಲ್ಲ. ಆದರೆ ಮಂಡಳಿಯ ಎದುರು ಈ ಪ್ರಸಂಗ ಹೇಳಿದ ದಿನ ಅನುಮಾನವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮೊರಿತಾ ಅವರಿಗೂ ಇ-ಮೇಲ್ ಬರೆದೆ: ತಾವು ಕೊಟ್ಟ ಮಾತು ನೆನಪಿದೆಯಷ್ಟೇ? ಅವರ ಉತ್ತರದಲ್ಲಿ ಋತುವಿನ ವರ್ಣನೆ ಬಹಳ ಇತ್ತು. ಕೊನೆಗೆ, ದಯವಿಟ್ಟು ಮನೆಗೆ ಬನ್ನಿ ಎಂದಿತ್ತು. ಮಾತಿನ ಸುದ್ದಿಯೇ ಇರಲಿಲ್ಲ.

ಮಂಡಳಿ ನನ್ನೊಬ್ಬನನ್ನೇ ಕಳಿಸಲಿಲ್ಲ. ಜೊತೆಗೆ ಜಯಮ್ಮ ಮೇಡಂ ಬಂದರು. ಇವರು ಮಂಡಳಿಯ ಸದಸ್ಯೆ, ಅಧ್ಯಕ್ಷ ಮುನಿರಾಜು ಅವರ ಅತ್ತಿಗೆ, ದೊಡ್ಡಬಳ್ಳಾಪುರದ ಪಕ್ಕದ ಮಧುರೆಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅದಕ್ಕೂ ಮೊದಲು ನನಗೆ ಏಳನೇ ಕ್ಲಾಸಿನಲ್ಲಿ ಗಣಿತ ಕಲಿಸಿದವರು.

"ಏನಪ್ಪಾ ನಾಗೇಶ, ಆಯಮ್ಮ ಬರ್ತೀನಿ ಅಂದಿದ್ದು ನಿಜ ತಾನೇ?"

"ನಿಜ ಮೇಡಂ."

"ಏಳನೇ ಕ್ಲಾಸಲ್ಲೂ ಹಿಂಗೇ ಹೇಳ್ತಿದ್ದೆ. ಲೆಕ್ಕ ಮಾಡಿದೀನಿ, ಬುಕ್ಕು ಮನೇಲೈತೆ ಅಂತ."

ಮೇಷ್ಟ್ರುಗಳನ್ನು ಕರೆತರಲು ಅವರದ್ದೇ ಒಂದು ಪದ್ಧತಿ ಇದೆ. ಸಂದರ್ಶನ ಮಾಡುವುದಿಲ್ಲ, ಹೆಣ್ಣು ಕೇಳಲು ಹೋಗುವಂತೆ ಮನೆಗೇ ಹೋಗುತ್ತಾರೆ. ಊಟ ಮಾಡುತ್ತಾರೆ. ಆಮೇಲೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಹಣ್ಣು ಇಟ್ಟು ಒಪ್ಪು ವೀಳ್ಯ ನೀಡುತ್ತಾರೆ. ಮದುವೆ ಮಾತುಕತೆಯಲ್ಲಿ ಹೇಗೋ ಹಾಗೆಯೇ ಇಲ್ಲೂ, ವೀಳ್ಯ ಹಿಡಿದ ಮೇಲೆ ಹಿಂದೆ ಸರಿಯುವಂತಿಲ್ಲ.

"ಇಂಟರ್‌ವ್ಯೂ ಮಾಡಿ ತಂದೋರೆಲ್ಲ ಬೆಂಗ್ಳೂರಿಗೆ ಓಡೋದ್ರು. ವೀಳ್ಯ ಕೊಟ್ಟು ಕರ್ದೋರು ರಿಟೈರ್ ಆಗೋ ಗಂಟ ಇದ್ರು. ತಟ್ಟೆ ನೀಡ್ದಾಗ ಯಾರ ಕೈ ಮುಂದಕ್ಕೆ ಬರ್ತದೋ ಅವ್ರು ಒಪ್ಪಿದೋರು ಕಣೋ. ಬಾಯಿ ಏನ್ ಬೇಕಾದ್ರೂ ಅಂತದೆ."

ಹೋಗಬೇಕಾದ ಊರಿನ ಹೆಸರು ಕೊಚಿ. ಶಿಕೊಕು ಎಂಬ ದ್ವೀಪದ ದಕ್ಷಿಣ ತೀರದಲ್ಲಿದೆ. ಬೀಳ್ಕೊಡಲು ಬಂದ ನನ್ನ ಮಾವ ಮಾತ್ರ, ಕೊಚ್ಚಿಗೆ ಹೋಗೋಕೆ ವೀಸಾ ಯಾಕೆ, ರಾತ್ರಿ ಬಸ್ಸಿಲ್ವಾ ಎಂದು ಕೊನೆಯವರೆಗೂ ಕೇಳುತ್ತಲೇ ಇದ್ದರು.

ನರೀತಾ

ವಿಮಾನ ಇಳಿದು ಹೊರಬರುವ ದಾರಿಯಲ್ಲಿ ಗಿಡ, ಹಣ್ಣು ತಪಾಸಣೆ ಮಾಡುವ ಕೌಂಟರ್ ಇದೆ. ನಾನು ತಲೆ ತಗ್ಗಿಸಿ ದಾಟಿಬಿಡೋಣ ಎಂದುಕೊಂಡಿದ್ದೆ. ಜಯಮ್ಮ ಮೇಡಂ ನೇರ ಅಲ್ಲಿಗೇ ಹೋಗಿ, ಬ್ಯಾಗು ಮೇಜಿನ ಮೇಲಿಟ್ಟು ಜಿಪ್ಪು ಎಳೆದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು, ಬಟ್ಟಲಡಿಕೆ, ಜುಟ್ಟಿದ್ದ ತೆಂಗಿನಕಾಯಿ, ನಮ್ಮ ತೋಟದ ಚಕ್ಕೋತ. ಚಕ್ಕೋತ ಎಷ್ಟು ದಪ್ಪ ಇತ್ತೆಂದರೆ ಅದನ್ನು ಎತ್ತಲು ಅಧಿಕಾರಿ ಎರಡೂ ಕೈ ಬಳಸಿದ.

ಎಲ್ಲವನ್ನೂ ಇಟ್ಟುಕೊಂಡರು. ಆದರೆ ಹೇಗೆ! ಒಂದೊಂದು ವಸ್ತುವನ್ನು ತೆಗೆಯುವ ಮೊದಲೂ ಒಮ್ಮೆ ಬಾಗಿದರು. ತೆಂಗಿನಕಾಯಿಗೆ ಸ್ವಲ್ಪ ಹೆಚ್ಚೇ ಬಾಗಿದರೆಂದು ನನ್ನ ನೆನಪು. ಅದು ಜುಟ್ಟಿನ ಪ್ರಭಾವವಿರಬಹುದು, ಅಥವಾ ನಾನೇ ಆಮೇಲೆ ಸೇರಿಸಿದ್ದಿರಬಹುದು. ತೂಬಗೆರೆಯ ಹಲಸಿನ ಚಿಪ್ಸ್, ಅರಿಸಿನ ಕುಂಕುಮದ ಡಬ್ಬಿ ಮತ್ತು ದೊಡ್ಡಬಳ್ಳಾಪುರದ ರೇಷ್ಮೆ ರವಿಕೆ ಕಣ ಮಾತ್ರ ಪಾಸಾದವು.

"ನಮ್ಮೂರಲ್ಲಿ ಕೊಡೋರೂ ಇಷ್ಟು ಮರ್ಯಾದೆಯಿಂದ ಕೊಡಲ್ಲ ಕಣೋ, ಇವ್ರು ಕಿತ್ಕೊಳೋದ್ ನೋಡು" ಎಂದರು ಮೇಡಂ, ಕೋಪಗೊಳ್ಳುವುದನ್ನೇ ಮರೆತು. ಹೊರಗೆ ಬಂದು ಚಳಿ ಗಾಳಿ ಮುಖಕ್ಕೆ ಬಡಿದ ಮೇಲೆ ಅವರಿಗೆ ಅರಿವಾಯಿತು. "ಅಯ್ಯೋ, ಇನ್ನು ವೀಳ್ಯಕ್ಕೇನ್ ಮಾಡೋದು?"

ರೈಲಿನಲ್ಲಿ

ಜಪಾನಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ ಎಂದು ಓದಿದ್ದೆ. ಓದಿದ್ದರಲ್ಲಿ ನಿಜವಾದದ್ದು ಇದೊಂದೇ ಇರಬೇಕು. ಇಡೀ ಬೋಗಿ ಪರೀಕ್ಷೆ ಬರೆಯುತ್ತಿರುವಂತೆ ಕೂತಿತ್ತು. ನಮ್ಮ ಬಸ್ಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಪಕ್ಕದವರ ಮಗಳ ಮದುವೆ ಎಲ್ಲಿಗೆ ಬಂತೆಂದು ತಿಳಿದಿರುತ್ತಿತ್ತು.

ಆಗ ಮೇಡಂ ಫೋನು ಹೊಡೆದುಕೊಂಡಿತು. ಅದರಲ್ಲಿ ನಾದಸ್ವರ ಇದೆ. ಜೊತೆಗೆ ಡೋಲೂ ಇದೆ. ಗಾಬರಿಯಲ್ಲಿ ಆಫ್ ಮಾಡಲು ಹೋಗಿ ಸ್ಪೀಕರ್ ಒತ್ತಿಬಿಟ್ಟರು. ಹೊಲದ ಆಚೆ ಬದಿಗೆ ಕೂಗಿ ಅಭ್ಯಾಸವಿರುವ ಮುನಿರಾಜು ಅವರ ಗಂಟಲು ಬೋಗಿಯ ತುಂಬ ಮೊಳಗಿತು.

"ಅತ್ಗೇ! ಒಪ್ಪಿದ್ರಾ?"

"ಇನ್ನೂ ದಾರೀಲಿದೀವಿ ಇಡಪ್ಪಾ!"

"ಹೋಟೆಲ್ ಮ್ಯಾನೇಜ್‌ಮೆಂಟ್‌ನೋರು ಒಲೆ ತಂದು ಇಳ್ಸವ್ರೆ! ಏನ್ ಹೇಳ್ಲಿ?"

"ಮುಟ್ಟಬೇಡಿ ಅನ್ನು!"

ನಾನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಬಾಗಿ ಕ್ಷಮೆ ಕೇಳಿದೆ. ಬೋಗಿಯವರೂ ಕೂತಲ್ಲೇ ಬಾಗಿದರು. ಆ ಮುಖಗಳಲ್ಲಿ ಸಿಟ್ಟಿರಲಿಲ್ಲ. ಯಾರು ಯಾವುದಕ್ಕೆ ಒಪ್ಪಬೇಕಾಗಿದೆ ಎಂಬ ಕುತೂಹಲವಿತ್ತೆಂದು ನನಗೆ ಅನಿಸಿತು. ಅವರಿಗೆ ಕನ್ನಡ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ದಾರಿಯಲ್ಲಿ ಕಿತ್ತಳೆ ಸುಲಿದು ತಿಂದೆವು. ಸಿಪ್ಪೆ ಹಾಕಲು ತೊಟ್ಟಿ ಹುಡುಕಿದರೆ, ಆ ದೇಶದಲ್ಲಿ ಕಸದ ತೊಟ್ಟಿಯೇ ಇಲ್ಲ. ಸ್ಟೇಷನ್ನಿನಲ್ಲಿಲ್ಲ, ಬೀದಿಯಲ್ಲಿಲ್ಲ, ಪಾರ್ಕಿನಲ್ಲೂ ಇಲ್ಲ. ಆದರೂ ಒಂದು ಕಾಗದದ ಚೂರು ನೆಲದ ಮೇಲೆ ಬಿದ್ದಿಲ್ಲ. ನಮ್ಮಲ್ಲಿ ತೊಟ್ಟಿ ಇರುತ್ತದೆ, ಕಸ ಅದರ ಸುತ್ತ ಇರುತ್ತದೆ. ಮೇಡಂ ಸಿಪ್ಪೆಯನ್ನು ಕರ್ಚೀಫಿನಲ್ಲಿ ಕಟ್ಟಿ ವ್ಯಾನಿಟಿ ಬ್ಯಾಗಿಗೆ ಸೇರಿಸಿದರು. ಅದು ಅಲ್ಲೇ ಉಳಿಯಿತು.

ಮಧ್ಯದಲ್ಲಿ ರೈಲು ಬದಲಿಸಿ ಶಿಕೊಕು ದಾಟುವಾಗ, ಬೆಟ್ಟಗಳ ನಡುವೆ ಹಸಿರು ನದಿಯೊಂದು ನಮ್ಮ ಎಡಕ್ಕೂ ಬಲಕ್ಕೂ ಹಾರುತ್ತ ಬಂತು. ನನ್ನೊಳಗೆ ಅನುಮಾನವೂ ಹಾಗೇ ಹಾರಾಡುತ್ತಿತ್ತು. ಕರೆಯಿರಿ ಎಂದಿದ್ದು ಅವರೋ, ಅಥವಾ ಕರೆದರೆ ಬರುವಿರಾ ಎಂದು ನಾನೇ ಕೇಳಿದ್ದೋ? ಗಾಜು ಹಿಡಿದ ಕೈ ಮಾತ್ರ ಸ್ಪಷ್ಟವಾಗಿತ್ತು. ಮೇಡಂಗೆ ಇದನ್ನು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆಂದು ಸುಮ್ಮನಿದ್ದೆ.

ಕೊಚಿಯ ಭಾನುವಾರದ ಸಂತೆ

ಕೊಚಿಯಲ್ಲಿ ಭಾನುವಾರ ರಸ್ತೆಯುದ್ದಕ್ಕೂ ಸಂತೆ. ನಮ್ಮ ಪುಣ್ಯಕ್ಕೆ ನಾವು ತಲುಪಿದ್ದ ಮರುದಿನವೇ ಭಾನುವಾರ. ಮೊರಿತಾ ಅವರು ಮಧ್ಯಾಹ್ನದ ಊಟಕ್ಕೆ ಬರಹೇಳಿದ್ದರು. ಸಂತೆಯನ್ನು ಕಂಡದ್ದೇ ಮೇಡಂ ನಡಿಗೆ ಬದಲಾಯಿತು. ಮೊಣಕೈ ಹೊರಗೆ ಬಂತು. ಮೂಲಂಗಿ ಮುರಿದು ನೋಡಲು ಹೊರಟವರನ್ನು ನಾನು ತಡೆದೆ.

ಹತ್ತು ಹೆಜ್ಜೆಗೆ ಅವರು ಕಿರುಚಿದರು. "ಲೋ ನಾಗೇಶ! ನಮ್ದು ಕಣೋ!"

ಒಬ್ಬ ಅಜ್ಜಿಯ ಮುಂದೆ ಚಕ್ಕೋತದ ರಾಶಿ. ಹಳದಿ, ದುಂಡಗೆ, ದೇವನಹಳ್ಳಿಯ ಚಕ್ಕೋತದ ತಮ್ಮನ ಹಾಗೆ. ಆ ಸೀಮೆ ಚಕ್ಕೋತಕ್ಕೇ ಹೆಸರುವಾಸಿಯಂತೆ. ಸಮುದ್ರ ದಾಟಿಸಿ ತಂದು, ಬಾಗಿ ಬಾಗಿ ಒಪ್ಪಿಸಿ ಬಂದಿದ್ದ ಹಣ್ಣು ಇಲ್ಲಿ ಬೀದಿಯಲ್ಲೇ ಕೂತಿತ್ತು. ಮೇಡಂ ಒಂದನ್ನು ಎತ್ತಿ, ಕಿವಿಯ ಹತ್ತಿರ ತಂದು, ಬೆರಳಿನಿಂದ ತಟ್ಟಿದರು. ಅಜ್ಜಿ ಅದನ್ನು ಕಸಿದುಕೊಂಡು, ತಾನೂ ತಟ್ಟಿ, ತಲೆಯಾಡಿಸಿ, ಬೇರೆಯದೊಂದನ್ನು ಕೊಟ್ಟಳು. ಮೇಡಂ ಅದನ್ನು ತಟ್ಟಿ ಒಪ್ಪಿದರು. ಒಂದೂ ಮಾತಿಲ್ಲದೆ ವ್ಯಾಪಾರ ಮುಗಿಯಿತು. ಕೊನೆಗೆ ಅಜ್ಜಿ ಒಂದು ಸಣ್ಣ ಹಣ್ಣನ್ನು ಸುಮ್ಮನೆ ಚೀಲಕ್ಕೆ ಹಾಕಿದಾಗ ಮೇಡಂ ಕಣ್ಣು ಅರಳಿತು.

"ಕೊಸರು! ಇಲ್ಲೂ ಕೊಸರು ಹಾಕ್ತಾರಲ್ಲೋ! ಒಳ್ಳೆ ಜನ ಕಣೋ, ವೀಳ್ಯದ ಅರ್ಥ ಇವ್ರಿಗೆ ಗೊತ್ತಾಗ್ತದೆ ಬಿಡು."

ವೀಳ್ಯದೆಲೆಗೆ ಬದಲು ಶಿಸೊ ಎಂಬ ಸೊಪ್ಪು ಸಿಕ್ಕಿತು. ಅಂಚು ಗರಗಸದಂತೆ, ಆಕಾರ ಮಾತ್ರ ಹೃದಯದಂತೆ. ನಮ್ಮ ವೀಳ್ಯದೆಲೆಯ ಕವಳೆಯ ಹಾಗೆಯೇ ಒಂದರ ಮೇಲೊಂದು ಜೋಡಿಸಿ, ದಾರ ಕಟ್ಟಿ ಮಾರುತ್ತಾರೆ. ಮೇಡಂ ತುದಿ ಕಚ್ಚಿ ನೋಡಿ, "ತುಳಸಿಗೂ ಜೀರಿಗೆಗೂ ಹುಟ್ಟಿದ ಮಗು" ಎಂದು ತೀರ್ಪು ಕೊಟ್ಟರು. ಅಡಿಕೆಯ ಜಾಗಕ್ಕೆ ಒಣಗಿದ ಬೀಜವೊಂದನ್ನು ಆರಿಸಿದರು. ಅದೇನು ಬೀಜವೆಂದು ನನಗೆ ಈಗಲೂ ಗೊತ್ತಿಲ್ಲ.

ಮೊರಿತಾ ಅವರ ಮನೆ

ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮ್ಮ ಹಾಗೇ. ಬಿಟ್ಟ ಮೇಲೆ ಮೂತಿ ಹೊರಕ್ಕೆ ತಿರುಗಿಸಿ ಇಡುವುದು ಅವರ ಹಾಗೆ. ಪ್ರೊಫೆಸರ್ ಮೊರಿತಾ ಬಾಗಿ ಸ್ವಾಗತಿಸಿದರು. ಕೂದಲು ನೆರೆತಿತ್ತು, ನಗು ಅದೇ. ಪಕ್ಕದಲ್ಲಿ ಅವರ ಯಜಮಾನರು, ಸಣಕಲು ಮನುಷ್ಯ, ಧ್ವನಿ ಇನ್ನೂ ಸಣ್ಣದು. ಅವರೂ ಮೊರಿತಾ. "ಮತ್ತೆ ಕಂಡು ಸಂತೋಷ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಉಪಚಾರದ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಊಟದುದ್ದಕ್ಕೂ ಯಜಮಾನರು ಬಡಿಸಿದರು, ಟೀ ಸುರಿದರು, ಮೂಲೆಯಲ್ಲಿ ಕೂತು ತೂಬಗೆರೆಯ ಹಲಸಿನ ಚಿಪ್ಸನ್ನು ಅಳಿಲಿನ ಹಾಗೆ ಮೆಲ್ಲುತ್ತ ಪ್ಯಾಕೆಟ್ಟನ್ನೇ ಮುಗಿಸಿದರು. ನಾನು ಪ್ರೊಫೆಸರರ ಮುಂದೆ ನಮ್ಮ ವಿಭಾಗದ ಗ್ರಂಥಾಲಯ, ಬಣ್ಣ ಹೊಡೆದ ಕೋಣೆ, ಕಿಟಕಿಯಿಂದ ಕಾಣುವ ನಂದಿ ಬೆಟ್ಟ ಎಲ್ಲವನ್ನೂ ಬಿಚ್ಚಿಟ್ಟೆ. ಅವರು ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು. ಕೊನೆಗೆ ಧೈರ್ಯ ಮಾಡಿ, "ಆವತ್ತು ಕಾರಿನಲ್ಲಿ ತಾವು ಹೇಳಿದಂತೆ…" ಎಂದೆ.

ಅವರು ಹಲ್ಲಿನ ಸಂದಿಯಿಂದ ಉಸಿರನ್ನು ಒಳಕ್ಕೆಳೆದುಕೊಂಡರು. ತಲೆ ಒಂದು ಬದಿಗೆ ವಾಲಿತು. "ಬಹಳ ಒಳ್ಳೆಯ ಯೋಜನೆ. ಸ್ವಲ್ಪ… ಯೋಚಿಸಬೇಕು."

ಆ ಉಸಿರಿನ ಅರ್ಥ ನನಗೆ ಗೊತ್ತಿತ್ತು. ಅಲ್ಲಿ ಯಾರೂ ಬಾಯಿಬಿಟ್ಟು ಇಲ್ಲ ಎನ್ನುವುದಿಲ್ಲ, ಹೀಗೆ ಉಸಿರೆಳೆದುಕೊಳ್ಳುತ್ತಾರೆ.

"ಏನಂತಾರೋ?" ಎಂದರು ಮೇಡಂ, ಕನ್ನಡದಲ್ಲಿ.

"ಆಗಲ್ಲ ಅಂತಾರೆ ಮೇಡಂ."

"ಆಗಲ್ಲ ಅಂದಂಗ್ ಕೇಳಿಸ್ಲಿಲ್ವಲ್ಲ."

"ಹಂಗಂದ್ರೆ ಹಂಗೇನೇ."

"ನಿನ್ ಮಾತು ನಂಬ್ಕೊಂಡ್ ಇಲ್ಲೀಗಂಟ ಬಂದ್ವಿ. ಈಗ ನನ್ ಕೆಲ್ಸ ನಂಗ್ ಮಾಡಕ್ ಬಿಡು."

ಅಲ್ಲಿದ್ದ ಮರದ ತಟ್ಟೆಯೊಂದನ್ನು ಕೇಳಿ ಪಡೆದು, ಮೇಡಂ ಶಿಸೊ ಎಲೆ ಜೋಡಿಸಿದರು, ಮೇಲೆ ಗೊತ್ತಿಲ್ಲದ ಬೀಜ, ತೆಂಗಿನಕಾಯಿಯ ಜಾಗದಲ್ಲಿ ಚಕ್ಕೋತ, ಪಕ್ಕದಲ್ಲಿ ರವಿಕೆ ಕಣ. ಕುಂಕುಮದ ಡಬ್ಬಿಗೆಂದು ಬ್ಯಾಗಿಗೆ ಕೈ ಹಾಕಿ ಎಳೆದರೆ ಕರ್ಚೀಫಿನ ಗಂಟು ಬಿಚ್ಚಿ, ನಿನ್ನೆಯ ಕಿತ್ತಳೆ ಸಿಪ್ಪೆ ಚಾಪೆಯ ತುಂಬ ಚೆಲ್ಲಿತು. ದಂಪತಿಗಳಿಬ್ಬರೂ ಅದನ್ನೂ ಶಾಸ್ತ್ರದ ಭಾಗವೆಂದುಕೊಂಡು ಸಿಪ್ಪೆಗೆ ಬಾಗಿದರು. ನಾನು ನಗಬಾರದೆಂದು ನಾಲಿಗೆ ಕಚ್ಚಿಕೊಂಡೆ.

ಮೇಡಂ ಮೊಣಕಾಲೂರಿ ಕೂತು, ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ, ತಮ್ಮ ಹೈಸ್ಕೂಲು ಇಂಗ್ಲಿಷಿನಲ್ಲಿ ತಿದ್ದಿ ತೀಡಿ ಹೇಳಿದರು: "ಇದು ನಮ್ಮ ವೀಳ್ಯ. ತೆಗೆದುಕೊಂಡರೆ ಬರುತ್ತೇನೆ ಎಂದರ್ಥ. ಇಷ್ಟವಿಲ್ಲದಿದ್ದರೆ ಮುಟ್ಟಬೇಡಿ, ನಮಗೆ ಬೇಸರವಿಲ್ಲ."

ಪ್ರೊಫೆಸರ್ ಮೊರಿತಾ ಅವರ ಕೈ ತೊಡೆಯ ಮೇಲೇ ಉಳಿಯಿತು. ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ನನಗೆ ಹೋಟೆಲ್ ಮ್ಯಾನೇಜ್‌ಮೆಂಟಿನ ಒಗ್ಗರಣೆಯ ಘಾಟು ಬಂದಂತಾಯಿತು.

ಆಗ ಮೂಲೆಯಿಂದ ಎರಡು ಕೈ ಬಂದವು. ಯಜಮಾನರು ಮೊಣಕಾಲಿನ ಮೇಲೇ ಸರಿದು ಬಂದು ತಟ್ಟೆಯನ್ನು ಹಿಡಿದುಕೊಂಡಿದ್ದರು.

"ಏನು ಮಾಡುತ್ತಿದ್ದೀರಿ?" ಎಂದು ಹೆಂಡತಿ ಜಪಾನಿಯಲ್ಲಿ ಕೇಳಿದರು. ಅಷ್ಟು ಜಪಾನಿ ನನಗೆ ಬರುತ್ತದೆ.

"ಕರೆದರೆ ಬರುತ್ತೇನೆ ಎಂದಿದ್ದೆನಲ್ಲ. ಕಾರಿನಲ್ಲಿ."

"ಕಾರಿನಲ್ಲಿ ಯಾರು?" ಎಂದೆ ನಾನು.

"ನಾನು" ಎಂದರು. ತಟ್ಟೆಯನ್ನು ತೊಡೆಗೆ ಇಳಿಸಿ, ಬಲಗೈಯನ್ನು ಎತ್ತಿ, ಅಂಗೈಯನ್ನು ಗಾಳಿಗೆ ಒತ್ತಿ ಹಿಡಿದು ತೋರಿಸಿದರು. "ಗಾಜು ಬೀಳುತ್ತಿತ್ತು. ದಾರಿಯುದ್ದಕ್ಕೂ ಹಿಡಿದಿದ್ದೆ. ತೋಳು ಮೂರು ದಿನ ನೋಯುತ್ತಿತ್ತು."

ಅದೇ ಕೈ. ಕನ್ನಡಿಯಲ್ಲಿ ಕಂಡಿದ್ದ ಅದೇ ಕೈ! ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು. ನಾನು ಯಾರ ಲೇಖನಗಳನ್ನು ಓದಿ ಮೆಚ್ಚಿದ್ದೆನೋ ಅವರನ್ನು ಮಾತ್ರ ಉಳಿಸಿಕೊಂಡು, ನನ್ನ ತಲೆ ಇನ್ನೊಬ್ಬ ಇಡೀ ಮನುಷ್ಯನನ್ನು ಕಾರಿನಿಂದ ಇಳಿಸಿಬಿಟ್ಟಿತ್ತು. ಕೈಯನ್ನು ಮಾತ್ರ ಏಕೆ ಉಳಿಸಿತ್ತೋ.

ಪ್ರೊಫೆಸರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. "‘ತಾವು ಕೊಟ್ಟ ಮಾತು’ ಎಂದು ನೀವು ಬರೆದಿರಿ. ನನಗೆ ಏನೂ ನೆನಪಾಗಲಿಲ್ಲ. ಹಾಗೆಂದು ಬರೆದರೆ ನಿಮಗೆ ನೋವಾಗುತ್ತದೆ. ನನಗೇ ಮರೆವು ಶುರುವಾಯಿತೆಂದು ಎಷ್ಟು ಹೆದರಿದ್ದೆ ಗೊತ್ತೇ?"

"ಇವರನ್ನಾದರೂ ಕೇಳಬಹುದಿತ್ತಲ್ಲ?"

"ಗಂಡನಿಗೆ ಗೊತ್ತಾದರೆ ಅವರೂ ಹೆದರುತ್ತಾರೆಂದು ಹೇಳಲಿಲ್ಲ."

"ತಾವಾದರೂ ಬಾಯಿಬಿಡಬಹುದಿತ್ತು" ಎಂದು ಯಜಮಾನರ ಕಡೆ ತಿರುಗಿದೆ.

"ನೀವು ಅವಳನ್ನು ಕೇಳಲು ಅಷ್ಟು ದೂರದಿಂದ ಬಂದಿರಿ" ಎಂದರು ಅವರು ಮೆತ್ತಗೆ. "ನನ್ನನ್ನು ಕೇಳಿ ಎಂದು ನಾನೇ ಹೇಗೆ ಹೇಳಲಿ?"

ಅವರು ಆ ಊರಿನ ಕಾಲೇಜಿನಲ್ಲಿ ಹಳೆಯ ಕಾಲದ ಪ್ರವಾಸ ದಿನಚರಿಗಳನ್ನು ಪಾಠ ಮಾಡಿ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಜೀವನವಿಡೀ ಬೇರೆಯವರ ಪ್ರಯಾಣ ಕಲಿಸಿದವರು ಜಪಾನು ಬಿಟ್ಟು ಹೊರಗೆ ಹೋದದ್ದು ಹೈದರಾಬಾದಿಗೆ ಒಂದೇ ಸಲ, ಅದೂ ಹೆಂಡತಿಯ ಜೊತೆಗೆಂದು. ಎರಡು ವರ್ಷ ಕಲಿಸುತ್ತೇನೆ ಎಂದರು.

ನಾನು ಇಷ್ಟನ್ನೂ ಕನ್ನಡಕ್ಕೆ ತಂದು ಹೇಳುವಷ್ಟರಲ್ಲಿ ಮೇಡಂ ಕಣ್ಣು ಕಿರಿದಾಗಿತ್ತು. "ಡಿಗ್ರಿ ಏನೈತೆ ಕೇಳು."

"ಪಿಎಚ್.ಡಿ. ಐತೆ ಮೇಡಂ."

"ಗಂಡನ್ನ ಕರ್ಕೊಂಡ್ಹೋಗಿ ಹೆಂಡ್ತೀನ ಬಿಟ್ರೆ ಪಾಪ ಸುತ್ಕೊಳ್ಳಲ್ವೇನೋ?"

ಇದನ್ನು ಅನುವಾದಿಸಿದಾಗ ಪ್ರೊಫೆಸರ್ ಕೈ ಬೀಸಿಬಿಟ್ಟರು. "ನನಗೆ ಇಲ್ಲಿ ಇನ್ನೂ ಕೆಲಸವಿದೆ. ಇವರು ನಿವೃತ್ತರಾದಾಗಿನಿಂದ ನನ್ನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದಾರೆ. ದಯವಿಟ್ಟು ಕರೆದುಕೊಂಡು ಹೋಗಿ. ರಜೆಗೆ ನಾನೂ ಬರುತ್ತೇನೆ."

ಮೇಡಂ ನನ್ನ ತಲೆಗೆ ಮೆಲ್ಲಗೆ ಮೊಟಕಿ ಫೋನು ಎತ್ತಿಕೊಂಡರು. ಸ್ಪೀಕರ್ ಈ ಸಲ ಬೇಕೆಂದೇ ಒತ್ತಿದರು. "ಮುನಿರಾಜಾ! ಮೊರಿತಾ ಒಪ್ಪಿದ್ರು! ಒಲೆ ಎತ್ತಿಸು!"

ಮತ್ತೆ ದೇವನಹಳ್ಳಿ

ಜೂನ್ ಹತ್ತಿರವಾದಾಗ ಯಜಮಾನರು ಬಂದರು. ಈಗ ಅವರನ್ನು ಮೊರಿತಾ ಮೇಷ್ಟ್ರು ಎನ್ನುತ್ತೇವೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಮೇಡಂ ಹೂವಿನ ಹಾರ ಹಿಡಿದು ನಿಂತಿದ್ದರು. ಕಾರಿನಲ್ಲಿ ನನಗೆ ಮುಂದಿನ ಸೀಟು ತೋರಿಸಿದರು. ನಾನು ಒಪ್ಪಲಿಲ್ಲ. ಮೇಡಂ ಅವರನ್ನು ಮುಂದೆ ಕೂರಿಸಿ, ನಾನು ಹಿಂದೆ, ಮೇಷ್ಟ್ರ ಪಕ್ಕಕ್ಕೇ ಕೂತೆ. ಇನ್ನೊಂದು ಸಲ ಯಾರನ್ನೂ ಕಾರಿನಿಂದ ಇಳಿಸುವ ಅವಕಾಶವನ್ನು ನನ್ನ ತಲೆಗೆ ಕೊಡಬಾರದು.

ವಿಶ್ವವಿದ್ಯಾಲಯದ ಗೇಟಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಮೊರಿತಾ ಒಪ್ಪಿದರೆಂಬ ಸುದ್ದಿ ಬಂದ ದಿನವೇ ಮುನಿರಾಜು ಅವರು ಮಾಡಿಸಿಟ್ಟದ್ದು. ಅದರಲ್ಲಿದ್ದದ್ದು ಹೆಂಡತಿಯ ಭಾವಚಿತ್ರ, ಸುತ್ತ ಮಂಡಳಿಯವರ ಮುಖಗಳು. ಮೇಷ್ಟ್ರು ಕಾರು ನಿಲ್ಲಿಸಲು ಹೇಳಿ, ಇಳಿದು, ಹೆಂಡತಿಗೆ ಸೊಂಟದಿಂದ ಬಾಗಿ ನಮಸ್ಕರಿಸಿ ಬಂದರು.

ಮತ್ತೆ ಕೂತು ಹೊರಗೆ ನೋಡತೊಡಗಿದರು. ಕಾರು ಹೊಸದು, ಗಾಜು ಪೂರ್ತಿ ಮುಚ್ಚಿತ್ತು. ಆದರೂ ಅವರ ಬಲಗೈ ತಾನಾಗಿ ಮೇಲೆದ್ದು, ಅಂಗೈ ಗಾಜಿಗೆ ಒತ್ತಿಕೊಂಡು ನಿಂತಿತು. ಅಷ್ಟರಲ್ಲಿ ಜಲ್ಲಿ ಲಾರಿಯೊಂದು ಗುಡುಗುತ್ತ ಹಾದುಹೋಯಿತು, ಅದರ ಸದ್ದಿನೊಳಗೇ ಅವರು ಏನೋ ಹೇಳಿದರು.

"ಮೇಡಂ, ಕೇಳಿಸ್ತಾ? ಎರಡಲ್ಲ, ಮೂರು ವರ್ಷ ಇದ್ರೂ ಪರವಾಗಿಲ್ಲ ಅಂದ್ರು ಅಲ್ವಾ? ಅಥವಾ ನಂಗೇ ಹಂಗನ್ನಿಸ್ತಾ?"

ಜಯಮ್ಮ ಮೇಡಂ ಸೀಟಿನಲ್ಲಿ ಪೂರಾ ಹಿಂದಕ್ಕೆ ತಿರುಗಿಯೇ ಕೂತಿದ್ದರು.

"ಮೂರೇ ಅಂದಿದ್ದು, ಅವ್ರೇ ಅಂದಿದ್ದು. ಬಾಯಿ ಆಡಿದ್ದು ನೋಡ್ದೆ ಕಣೋ, ನಾನೇ ಸಾಕ್ಷಿ."